ಬುರುಡೆ ಬಿಡುವವಳು

ಸಮುದ್ರದ ಆಳಕ್ಕೆ ತಾನೇ ಇಳಿದು, ತಾನೇ ಮೇಲೆ ಬರುವ ತೇಲುಬುರುಡೆಯನ್ನು ವಿನ್ಯಾಸ ಮಾಡುವುದು ನನ್ನ ಕೆಲಸ. ತರೀಕೆರೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಕೂತು ಮಾಡುತ್ತೇನೆ. ಜೊತೆಯವರೆಲ್ಲ ಕರಾವಳಿಯಲ್ಲಿ, ನನ್ನ ಪಾಲಿಗೆ ಅವರು ಬರೀ ಫೋನಿನ ದನಿಗಳು. ಕೆಲವು ದಿನ ಸಂಜೆಯವರೆಗೂ ಬಾಯಿ ತೆರೆಯದೆ, ಆಮೇಲೆ ಹಾಲಿನಂಗಡಿಯಲ್ಲಿ ಮಾತಾಡಿದರೆ ನನ್ನ ದನಿ ಬೇರೆ ಯಾರದೋ ಅನಿಸುತ್ತಿತ್ತು.

ಬುರುಡೆಯೊಳಗೆ ಒಂದು ಪಂಪು, ಒಂದಿಷ್ಟು ಎಣ್ಣೆ, ತಳದಲ್ಲಿ ರಬ್ಬರ್ ಚೀಲ. ಎಣ್ಣೆ ಚೀಲಕ್ಕೆ ಹೋದರೆ ಮೈ ಉಬ್ಬಿ ಮೇಲೇಳುತ್ತದೆ. ಒಳಕ್ಕೆ ಎಳೆದುಕೊಂಡರೆ ಕುಗ್ಗಿ ಮುಳುಗುತ್ತದೆ. ತೂಕ ಮಾತ್ರ ಬದಲಾಗುವುದಿಲ್ಲ. ಹೇಳುವುದಕ್ಕೇನು, ಸುಲಭ! ಹಿಂದಿನ ಮಾದರಿಗಳು ತಳ ಸೇರಿ ಅಲ್ಲೇ ಕೂತಿದ್ದವು. ಈ ಸಲವೂ ಏಳದಿದ್ದರೆ ನನ್ನ ವಿನ್ಯಾಸವನ್ನೇ ಕೈಬಿಡುತ್ತೇವೆಂದು ಆ ದನಿಗಳು ಹೇಳಿಬಿಟ್ಟಿದ್ದವು.

ಬುರುಡೆಯನ್ನು ಪರೀಕ್ಷಿಸಲು ಆಳದ ನೀರು ಬೇಕಿತ್ತು. ಎಲ್ಲರೂ ಬೋರ್ ಕೊರೆಸಿದ ಮೇಲೆ ಈ ಸೀಮೆಯಲ್ಲಿ ತುಂಬಿದ ಬಾವಿ ಸಿಗುವುದೇ ಕಷ್ಟ. ಅಜ್ಜಂಪುರದ ಹತ್ತಿರ ಒಂದು ತೆಂಗಿನ ತೋಟದಲ್ಲಿ ಸಿಕ್ಕಿತು. ತೋಟದ ಯಜಮಾನಿಗೆ ನನ್ನನ್ನು ಕಂಡರೆ ತಮಾಷೆ. "ಸಮುದ್ರ ಎಲ್ಲೈತೆ, ಅಜ್ಜಂಪುರ ಎಲ್ಲೈತೆ! ಬುರುಡೆ ಬಿಡಕ್ಕೆ ನಮ್ ಬಾವೀನೇ ಬೇಕಿತ್ತೇನೇ?" ಎಂದು ನಗುತ್ತಿದ್ದರು. ನಾನು ಹೇಳುವುದೆಲ್ಲ ಬರೀ ಬುರುಡೆಯೆಂದೇ ಅಕ್ಕಪಕ್ಕದ ತೋಟದವರಿಗೂ ಗುಮಾನಿ. ಮೇಲಕ್ಕೆ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು.

ಅಂದು ಹಗ್ಗ ಕಟ್ಟದೆ ಬುರುಡೆಯನ್ನು ನೀರಿಗಿಳಿಸಿದೆ. ಮುಳುಗಿತು. ಏಳಬೇಕಾದ ಹೊತ್ತು ಮೀರಿತು. ಬಿಸಿಲು ನೆತ್ತಿಗೆ ಬಂತು. ಬಾವಿಯ ಕಟ್ಟೆಯ ಮೇಲೆ ಬಗ್ಗಿ ನೋಡುತ್ತಲೇ ಫೋನಿನಲ್ಲಿ ಕರಾವಳಿಯವರಿಗೆ, "ಇನ್ನು ಕಾದು ಪ್ರಯೋಜನ ಇಲ್ಲ. ಎಲ್ಲ ಮುಗೀತು," ಎಂದೆ. ಇನ್ನಷ್ಟು ಬಗ್ಗಿದೆ.

ಹಿಂದಿನಿಂದ ಯಾರೋ ರಟ್ಟೆ ಹಿಡಿದು ಎಳೆದರು. ಫೋನು ಮಣ್ಣಿಗೆ ಬಿತ್ತು. ತಿರುಗಿದರೆ ಯಜಮಾನಿ!

"ನಿನ್ ಮನೆ ಕಾಯ್ವೋಗ! ಏನ್ ಮಾಡ್ಕಳಕ್ ಹೊಂಟಿದ್ದೆ? ಏನ್ ಬಂದಿತ್ತೇ ನಿಂಗೆ?" ಏದುಸಿರು ಬಿಡುತ್ತ ಬೈದರು. ನಾನು ಬಾವಿಗೆ ಹಾರುತ್ತೇನೆಂದುಕೊಂಡಿದ್ದರು.

"ಅಯ್ಯೋ, ಇಲ್ಲಮ್ಮಾ, ಬುರುಡೆ ಮೇಲೆ ಬರ್ಲಿಲ್ಲ, ಅದಕ್ಕೆ..." ಎನ್ನುವಷ್ಟರಲ್ಲಿ ಬಾವಿಯೊಳಗೆ ಗುಳುಕ್ ಎಂದು ಸದ್ದಾಯಿತು. ಇಬ್ಬರೂ ಬಗ್ಗಿ ನೋಡಿದೆವು. ಹಳದಿ ಬುರುಡೆ ನೀರಿನ ಮೇಲೆ ನಿಂತಿತ್ತು. ಗೆದ್ದಿದ್ದೆ. ಕುಣಿಯಬೇಕಿತ್ತು, ಹಾಳಾದ್ದು ಅಳು ಬಂತು. ನಿಲ್ಲಿಸೋಣವೆಂದರೆ ನಿಲ್ಲಲೇ ಇಲ್ಲ.

ಅವರಿನ್ನೂ ನನ್ನ ರಟ್ಟೆ ಬಿಟ್ಟಿರಲಿಲ್ಲ. "ಉಂಡಿದ್ಯಾ?" ಎಂದರು.

"ಹ್ಞೂಂ, ಉಂಡೇ ಬಂದೆ."

"ಯಾರ್ ಜೊತೆ?"

ಈ ಸೀಮೆಗೆ ಬಂದಾಗಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಮಣ್ಣಿನಲ್ಲಿ ಬಿದ್ದಿದ್ದ ಫೋನಿನಿಂದ "ಹಲೋ, ಮೇಲೆ ಬಂತಾ? ಬಂತಾ?" ಎಂದು ಕರಾವಳಿಯ ದನಿಗಳು ಕೂಗುತ್ತಲೇ ಇದ್ದವು. ಎತ್ತಿಕೊಳ್ಳಲು ಬಗ್ಗಿದರೆ ಯಜಮಾನಿ ರಟ್ಟೆ ಬಿಟ್ಟುಬಿಡುತ್ತಾರೇನೋ ಎಂದು ಹೆದರಿ, ಅಲುಗಾಡದೆ ನಿಂತೆ.