ದಾಸಮ್ಮನ ಕಣ್ಣಿನ ಕರಾರು

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತೇ ಹೊರಡದವರ ಪಾಡನ್ನು ಮಾತ್ರ ಯಾರೂ ಹೇಳುವುದಿಲ್ಲ. ಕೊರಟಗೆರೆ ಕಡೆಯ ನರ್ಸ್ ದಾಸಮ್ಮನಿಗೆ ಆ ಪಾಡು ಮನೆಯಲ್ಲೇ ಗೊತ್ತಾಗಿತ್ತು. ಲಕ್ವ ಹೊಡೆದು ಮಲಗಿದ ಅವಳ ಅಪ್ಪ ಸಣ್ಣರಂಗಯ್ಯ ಏನನ್ನೋ ಕೇಳಿ ಕೇಳಿ ಸತ್ತ. ನೀರು ಕೊಟ್ಟರು, ಗಂಜಿ ಕೊಟ್ಟರು, ದಿಂಬು ಸರಿಸಿದರು. ಅವನು ಕೇಳಿದ್ದೇನೆಂದು ಯಾರಿಗೂ ತಿಳಿಯಲಿಲ್ಲ. ಆ ಸಂಕಟ ಅವಳ ಹೊಟ್ಟೆಯಲ್ಲಿ ಹಾಗೇ ಉಳಿಯಿತು.

ಎಂಬತ್ತರ ದಶಕದ ಮೊದಲಲ್ಲಿ ಅವಳು ಮಧುಗಿರಿಯ ಒಂದು ಆಸ್ಪತ್ರೆಯಲ್ಲಿ, ಜೀವಕ್ಕೇ ಕುತ್ತು ಬಂದವರನ್ನು ಮಲಗಿಸುವ ಒಳಕೋಣೆ ನೋಡಿಕೊಳ್ಳುತ್ತಿದ್ದಳು. ಗಂಟಲಿಗೆ ಪೈಪು ಹಾಕಿದವರಿಗೆ ದನಿ ಬಾರದು. ಬರೆಸೋಣವೆಂದರೆ ಬಹಳ ಮಂದಿಗೆ ಅಕ್ಷರ ಬಾರದು. ದಾಸಮ್ಮ ಒಂದು ಕರಾರು ಮಾಡಿದಳು: ಹೂಂ ಅನ್ನುವುದಾದರೆ ಕಣ್ಣು ಮುಚ್ಚು, ಊಹೂಂ ಅನ್ನುವುದಾದರೆ ಸೂರು ನೋಡು. ಬಾಯಾರಿಕೆ, ನೋವು, ಸೊಳ್ಳೆ, ಮನೆಯಲ್ಲಿ ಬಿಟ್ಟುಬಂದ ಎಮ್ಮೆ, ಒಂದೊಂದನ್ನೇ ಕೇಳುತ್ತ ಹೋಗುವಳು. "ನಮ್ ದಾಸಮ್ಮಂಗೆ ಗೋಡೆ ಜತೆಗೂ ಹರಟೆ ಬೇಕು" ಎಂದು ಜೊತೆಯ ನರ್ಸುಗಳು ನಗುತ್ತಿದ್ದರು.

ಶಿರಾ ಸೀಮೆಯ ಕುರಿಹಟ್ಟಿಯಿಂದ ಜುಂಜಮ್ಮ ಬಂದದ್ದು ಧನುರ್ವಾಯು ಹಿಡಿದು. ಬರಿಗಾಲಲ್ಲಿ ಕುರಿ ಕೂಡುವ ರೊಪ್ಪಕ್ಕೆ ಹೋಗಿ ಜಾಲಿಮುಳ್ಳು ತುಳಿದಿದ್ದಳು. ದವಡೆ ಕಚ್ಚಿಕೊಂಡಿತ್ತು, ಮೈ ಕೊರಡಾಗಿತ್ತು, ಗಂಟಲಲ್ಲಿ ಪೈಪು. ಗಂಡ ಮಂದೆಯೊಂದಿಗೆ ದೂರದ ಬಯಲಿನಲ್ಲಿದ್ದ. ಗಂಡನ ಅಣ್ಣ ಕ್ಯಾತಣ್ಣ ಆಸ್ಪತ್ರೆಯ ಜಗುಲಿಯಲ್ಲೇ ಬಿದ್ದುಕೊಂಡು ಕಾಯುತ್ತಿದ್ದ. ಕೆಟ್ಟವನಲ್ಲ, ಅವಳನ್ನು ಮಗಳಂತೆ ಕಂಡವನು. ಆದರೆ ಅವನಿಗೆ ಒಂದೇ ದಿಗಿಲು: ಜೀವ ಹೋಗುವುದಾದರೆ ಹಟ್ಟಿಯಲ್ಲಿ ಹೋಗಲಿ, ಪರವೂರಲ್ಲಿ ಬೇಡ. ಪೈಪು ತೆಗೆದರೆ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದರೂ ಕೇಳದೆ, ಕರೆದೊಯ್ಯುತ್ತೇನೆಂದು ಹಟ ಹಿಡಿದ.

"ಹಂಗಾದ್ರೆ ಅವಳನ್ನೇ ಕೇಳಿ" ಎಂದಳು ದಾಸಮ್ಮ. ಕರಾರನ್ನು ವಿವರಿಸಿ, ಒಳಗೊಳಗೇ ಗೆದ್ದೆನೆಂದುಕೊಂಡಳು.

ಕ್ಯಾತಣ್ಣ ಮಂಚದ ಮುಂದೆ ನಿಂತ. "ಹಟ್ಟಿಗೆ ಹೋಗಾನೇನವ್ವಾ?"

ಜುಂಜಮ್ಮ ಕಣ್ಣು ಮುಚ್ಚಿದಳು.

"ನೋಡುದ್ರಾ ಸಿಸ್ಟರಮ್ಮಾ? ಅವ್ಳೇ ಒಪ್ಕಂಡವ್ಳೆ."

ದಾಸಮ್ಮ ಮಾಡಿದ ಕರಾರೇ ಜುಂಜಮ್ಮನನ್ನು ಸಾವಿಗೆ ಕಳಿಸುತ್ತಿತ್ತು. ಬಾಡಿಗೆ ವ್ಯಾನು ಗೇಟಿಗೆ ಬಂದು ನಿಂತಿತು. ಕ್ಯಾತಣ್ಣ ಮತ್ತೆ ಬಗ್ಗಿ, "ಬಿಸ್ಲು ಜೋರೈತೆ, ಸಂಜೆಗೆ ಹೊಲ್ಡಾನಾ?" ಅಂದ. ಕಣ್ಣು ಮುಚ್ಚಿತು. "ಇಲ್ಲಾ ಈಗ್ಲೇನಾ?" ಆಗಲೂ ಮುಚ್ಚಿತು.

ದಾಸಮ್ಮನಿಗೆ ಥಟ್ಟನೆ ಹೊಳೆಯಿತು. ಆ ಹಟ್ಟಿಯ ಸೊಸೆ ಭಾವನೆದುರು ತಲೆಯೆತ್ತುವುದಿಲ್ಲ. ಸೆರಗೆಳೆಯಲು ಕೈ ಬಾರದು, ಬಗ್ಗಿಸಲು ಕತ್ತು ಬಾರದು. ಬಡಪಾಯಿಗೆ ಮರ್ಯಾದೆ ತೋರಿಸಲು ಉಳಿದದ್ದು ರೆಪ್ಪೆ ಮಾತ್ರ. ಮೌನಂ ಸಮ್ಮತಿ ಲಕ್ಷಣಂ ಎಂದ ಪುಣ್ಯಾತ್ಮ ಒಂದು ದಿನವಾದರೂ ಸೊಸೆಯಾಗಿ ಬಾಳಬೇಕಿತ್ತು!

"ಯಜಮಾನ್ರೇ, ವಸಿ ಆಚೆ ನಿಂತ್ಕಂಡು ಸಂದೀಲಿ ನೋಡಿ" ಎಂದು ಪರದೆ ಎಳೆದಳು. "ಜುಂಜಮ್ಮಾ, ಇಲ್ಲಿ ನಾನೊಬ್ಳೇ ಇರಾದು. ಹಟ್ಟಿಗೆ ಹೋಗ್ತೀಯಾ?"

ಕಣ್ಣುಗುಡ್ಡೆ ಸೂರಿಗೆ ಏರಿತು, ಇಳಿಯಲೇ ಇಲ್ಲ.

"ಇಲ್ಲೇ ಇದ್ದು ಬದುಕ್ತೀಯಾ?"

ಕಣ್ಣು ಮುಚ್ಚಿತು. ನೀರು ಎರಡೂ ಕಡೆಯಿಂದ ಕಿವಿಗಿಳಿಯಿತು. ದಾಸಮ್ಮನಿಗೂ ಅಳು ತಡೆಯಲಾಗಲಿಲ್ಲ.

ಹೊರಗೆ ಕ್ಯಾತಣ್ಣ ಸಂದಿಯಲ್ಲಿ ಎಲ್ಲವನ್ನೂ ನೋಡಿದ್ದ. "ನಮ್ಮನೇಗೆ ಬಂದಾಗಿಂದ ನಾನೇನ್ ಕೇಳುದ್ರೂ ಕಣ್ಣು ತಗ್ಗುಸ್ತಿದ್ಲು ಕಣಮ್ಮ. ಎಲ್ಲಾಕೂ ಒಪ್ಗೆ ಅಂತ್ಲೇ ತಿಳ್ಕಂಡಿದ್ದೆ" ಅಂದ. ಆಮೇಲೆ ಗೇಟಿಗೆ ಹೋಗಿ ವ್ಯಾನನ್ನು ಖಾಲಿ ಕಳಿಸಿದ.

ಅಂದಿನಿಂದ ದಾಸಮ್ಮ ಯಾರನ್ನು ಕೇಳುವುದಿದ್ದರೂ ನೆಂಟರನ್ನು ಮೊದಲು ಆಚೆ ಕಳಿಸುತ್ತಿದ್ದಳು, ಅತ್ತೆಯಿರಲಿ, ಗೌಡರಿರಲಿ. ಬೇಕಾದಷ್ಟು ಬೈಸಿಕೊಂಡಳು, ಬಿಡಲಿಲ್ಲ.

ಜುಂಜಮ್ಮ ಉಳಿದಳು. ಪೈಪು ತೆಗೆದು, ಗಂಟಲು ಮಾಯ್ದು, ಊರಿಗೆ ಹೊರಡುವ ದಿನ ಕ್ಯಾತಣ್ಣ ಬಾಗಿಲಲ್ಲಿ ಅವಳಿಗೆ ಬೆನ್ನು ಹಾಕಿ ನಿಂತ.

"ಹೋಗಾನೇನವ್ವಾ? ನಾನು ತಿರುಗಿ ನೋಡಾಕಿಲ್ಲ, ಹೇಳು."

ಬೆನ್ನ ಹಿಂದಿನಿಂದ ಒಡಕು ದನಿ ಬಂತು. "ಮೊದ್ಲು ಒಂದ್ಜೊತೆ ಚಪ್ಲಿ ಕೊಡ್ಸಿ ಭಾವ. ಆಮೇಲೆ ಹೋಗಾನ."