ಹೆಣ್ಣು ನೋಡಲು ಬಂದವರಿಗೆ ಊರು ತೋರಿಸಿದ್ದು

ಆಗೆಲ್ಲ ದಸರಾ ರಜೆ ಎಂದರೆ ನನಗೆ ಹಳದೀಪುರದಿಂದ ಭಟ್ಕಳಕ್ಕೆ ಹೋಗುವ ಬಸ್ಸು. ಅಪ್ಪನ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಅಲ್ಲಿಗೆ ಕೊಟ್ಟಿತ್ತು. ದಾರಿಯಲ್ಲಿ ವಾಂತಿ ಬರಬಾರದೆಂದು ಅಮ್ಮ ಕೈಗೊಂದು ಲಿಂಬೆಹಣ್ಣು ಕೊಟ್ಟು ಕಳಿಸುತ್ತಿದ್ದಳು. ಹೊನ್ನಾವರದ ಸೇತುವೆ ದಾಟುವಷ್ಟರಲ್ಲಿ ನಾನದನ್ನು ಉಗುರಿನಿಂದ ಕೆರೆದೂ ಕೆರೆದೂ ಪೂರ್ತಿ ಬೋಳು ಮಾಡಿರುತ್ತಿದ್ದೆ. ಮಳೆ ಬಿಟ್ಟ ಹೊಸತು. ಗದ್ದೆಯ ಭತ್ತ ಅರೆಹಳದಿ, ಗೋಡೆಗಳ ಪಾಚಿ ಇನ್ನೂ ಹಸಿರು.

ಭಟ್ಕಳ ನೋಡಬೇಕಾದರೆ ಇದೇ ಕಾಲದಲ್ಲಿ ನೋಡಬೇಕು ಎನ್ನುವುದು ಮಾವನ ಮಾತು. ಮಾವ ಊರಿನ ಪೋಸ್ಟ್‌ಮ್ಯಾನ್. ಅವನಿಗೆ ಊರು ತೋರಿಸುವ ಹುಚ್ಚು. ಮನೆಗೆ ಯಾರು ಬಂದರೂ, ಚಹಾದ ಲೋಟ ಕೆಳಗಿಡುವ ಮೊದಲೇ "ಬಸದಿ ನೋಡಿದ್ರಾ?" ಎಂದು ಕೇಳುತ್ತಿದ್ದ. ನೋಡಿದ್ದೇನೆ ಎಂದವರೂ ತಪ್ಪಿಸಿಕೊಳ್ಳುವಂತಿರಲಿಲ್ಲ. "ಯಾವ ತಿಂಗ್ಳು ನೋಡಿದ್ದು? ಏಪ್ರಿಲ್ಲಾ? ಹಂಗಾರೆ ನೋಡ್ದಂಗಲ್ಲ" ಎಂದು ಚಪ್ಪಲಿ ಮೆಟ್ಟಿಸಿಯೇ ಬಿಡುತ್ತಿದ್ದ.

ಅವನ ಪ್ರಕಾರ ಬೇಸಿಗೆಯಲ್ಲಿ ಕಲ್ಲು ಸತ್ತಿರುತ್ತದೆ, ಮಳೆಗಾಲದಲ್ಲಿ ಕಾಲು ಜಾರುತ್ತದೆ. ನವರಾತ್ರಿಯಿಂದ ದೀಪಾವಳಿಯ ನಡುವೆ ಮಾತ್ರ ಕಲ್ಲಿನಲ್ಲಿ ನೀರಿನ ಪಸೆ ಉಳಿದು ಗೆರೆಗೆರೆಯೂ ಎದ್ದು ಕಾಣುತ್ತದೆ. ಮೊದಲು ಚಂದ್ರನಾಥ ಬಸದಿ. ಅಲ್ಲಿ ಹಂಚಿನ ಬದಲು ಚಪ್ಪಡಿ ಕಲ್ಲನ್ನೇ ಇಳಿಜಾರಾಗಿ ಹೊದಿಸಿದ ಮಾಡನ್ನು ಎದುರಿನಿಂದಲ್ಲ, ಮೂಲೆಯಲ್ಲಿ ನಿಂತು ನೋಡಬೇಕು. ಆಮೇಲೆ ನವಾಯತ ಮುಸ್ಲಿಮರ ಕೇರಿ. ಅಲ್ಲಿ ಮೆಲ್ಲಗೆ ನಡೆಯಬೇಕು, ಕಿಟಕಿ ಇಣುಕಬಾರದು, ಆದರೆ ಮಾತು ಸ್ವಲ್ಪ ಜೋರಾಗಿಯೇ ಇರಬೇಕು. ಪರದೆಯ ಹಿಂದಿರುವ ಹೆಂಗಸರಿಗೆ ಗಂಡಸರು ಬರುತ್ತಿದ್ದಾರೆಂದು ತಿಳಿಯಬೇಕಲ್ಲ. ಮಾವನ ದನಿ ಕೇಳಿದರೆ ಯಾರಾದರೂ ಅಜ್ಜಿ ಒಳಗಿನಿಂದಲೇ ತಮ್ಮ ನವಾಯತಿ ಭಾಷೆಯಲ್ಲಿ ಕಾಗದ ಬಂತೇ ಎಂದು ವಿಚಾರಿಸುತ್ತಿದ್ದಳು, ಇವನೂ ನವಾಯತಿಯಲ್ಲೇ ಉತ್ತರಿಸುತ್ತಿದ್ದ. ಕೊನೆಗೆ ಮೂಡಭಟ್ಕಳದ ನಾರಾಯಣ ದೇವಸ್ಥಾನ, ಅದರ ಗೋಡೆಯ ಕಲ್ಲಿನಲ್ಲಿ ಕೆತ್ತಿದ ರಾಮಾಯಣ. ಬಂದರಕ್ಕೆ ಮಾತ್ರ ಊಟಕ್ಕೆ ಮೊದಲು ಹೋಗಕೂಡದು, ಮೀನಿನ ವಾಸನೆಗೆ ಹಸಿವಾಗಿ ಇತಿಹಾಸ ತಲೆಗೆ ಹತ್ತುವುದಿಲ್ಲ.

ನಾನು ನಾಲ್ಕನೇ ಇಯತ್ತೆಯಲ್ಲಿದ್ದ ವರ್ಷ ಈ ಹುಚ್ಚಿಗೆ ಒಂದು ಕೊನೆ ಬಂತು.

ಮಾವನ ತಂಗಿ ಶಾರದಕ್ಕ ಅದೇ ಮನೆಯಲ್ಲಿದ್ದಳು. ಅವಳ ತಂದೆತಾಯಿ ಬೇಗ ಹೋಗಿದ್ದರಿಂದ ಸಾಕಿ ಬೆಳೆಸಿದವನು ಮಾವನೇ. ಆ ರಜೆಯಲ್ಲಿ ಅವಳನ್ನು ನೋಡಲು ಕುಮಟಾ ಕಡೆಯ ಒಂದು ಸಂಬಂಧ ಬರುವುದಿತ್ತು. ಹುಡುಗನಿಗೆ ಸರ್ಕಾರಿ ನೌಕರಿ. ಹತ್ತಾರು ಕಡೆ ವಿಚಾರಿಸಿ ಮಾವನೇ ಹುಡುಕಿದ ಸಂಬಂಧವಾದ್ದರಿಂದ ಅವನು ನೆಲಕ್ಕೆ ಕಾಲಿಡುತ್ತಿರಲಿಲ್ಲ. ಅವರು ಬರುವುದು ಗುರುವಾರ, ಅಂದು ಒಂದೂವರೆಗೆ ರಾಹುಕಾಲ ಶುರು. ಹನ್ನೆರಡೂವರೆಯ ಹೊತ್ತಿಗೆ ಹೆಣ್ಣು ತೋರಿಸಿ, ತಿಂಡಿ ಕೊಟ್ಟು ಕಳಿಸುವುದೆಂದು ನಿಶ್ಚಯವಾಗಿತ್ತು.

ಆದರೆ ಅವರು ಮೊದಲ ಬಸ್ಸಿಗೇ ಹೊರಟು ಒಂಬತ್ತೂವರೆಗೇ ಬಂದಿಳಿದರು. ಹುಡುಗ, ಅವನ ತಾಯಿ, ಒಬ್ಬ ಚಿಕ್ಕಪ್ಪ. ಅತ್ತೆ ಇನ್ನೂ ಶಿರಾಕ್ಕೆ ರವೆ ಹುರಿಯುತ್ತಿದ್ದಳು, ಮನೆ ತುಂಬ ತುಪ್ಪದ ಘಮ. ಬಂದವರಿಗೆ ಪಾನಕ ಕೊಟ್ಟು, ಮಾವನನ್ನು ಒಳಗೆ ಕರೆದಳು.

"ಒಂದು ಗಳಿಗೆ ಅವ್ರಿಗೆ ಬಸದಿ ತೋರ್ಸಿಕಂಡು ಬನ್ನಿ. ಬಸದಿ ಒಂದೇ. ಹನ್ನೆರಡಕ್ಕೆ ಇಲ್ಲಿರ್ಬೇಕು, ತಿಳೀತಾ?"

"ಆತು, ಆತು" ಎಂದ ಮಾವ. ಮುಖ ಆಗಲೇ ಅರಳಿತ್ತು.

ಅತ್ತೆಗೆ ಗಂಡನ ಪರಿಚಯ ಚೆನ್ನಾಗಿತ್ತು. ಮಾವ ಗಡಿಯಾರ ಕಟ್ಟುವವನಲ್ಲ. ನನಗೆ ಗಂಟೆ ನೋಡಲು ಆಗಷ್ಟೇ ಬಂದಿತ್ತು. ಹೋದಲ್ಲಿ ಬಂದಲ್ಲಿ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ಅತ್ತೆ ತನ್ನ ಕೈಗಡಿಯಾರ ಬಿಚ್ಚಿ ನನ್ನ ಮೊಣಕೈ ಹತ್ತಿರ ಏರಿಸಿ ಕಟ್ಟಿದಳು. "ಸಣ್ಣ ಮುಳ್ಳು ಹನ್ನೊಂದೂವರೆಗೆ ಬಂದದ್ದೇ ಮಾವನ ಅಂಗಿ ಎಳಿ. ಬಿಡ್ಬೇಡ" ಎಂದಳು.

ನಾನು ಬಲು ಜಂಬದಿಂದ ಹಿತ್ತಿಲ ಬಾಗಿಲಿನಿಂದ ಹೊರಟೆ. ಶಾರದಕ್ಕ ಬಾವಿಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟುತ್ತಿದ್ದಳು. ಭಟ್ಕಳದ ಮಲ್ಲಿಗೆ ಎಂದರೆ ಮೊಗ್ಗಿಗೆ ಮೊಗ್ಗು ಒತ್ತಿ ಕಟ್ಟಿದ ದಂಡೆ; ನಡುವೆ ದಾರ ಕಾಣಬಾರದು. ಅವಳು ಕಟ್ಟಿದ್ದರಲ್ಲಿ ಅಂದು ದಾರವೇ ಕಾಣುತ್ತಿತ್ತು.

"ಇಲ್ಲಿ ಬಾ. ಅತ್ತಿಗೆ ನಿಂಗೆ ಎಂತ ಹೇಳಿದ್ಲು?"

ಹೇಳಿದೆ.

"ನೀ ಎಂತೂ ಹೇಳೂದು ಬೇಡ. ಅಣ್ಣ ಮಾತಾಡ್ತಾ ಇರ್ಲಿ. ಗಂಟೆ ಕೇಳಿದ್ರೆ ಕಡ್ಮೆ ಹೇಳು."

"ಎಂತಕ್ಕೆ?"

"ನಂಗೆ ಈ ಸಂಬಂಧ ಬೇಡ. ನಾ ಮುಂದೆ ಕಲೀಬೇಕು. ಅಣ್ಣನ ಎದ್ರು ನಿಂತ್ಕಂಡು ಹೇಳೂಕೆ ನಂಗೆ ಬಾಯಿ ಬರೂದಿಲ್ಲ." ದಂಡೆಯ ತುದಿ ಹರಿದು ನನ್ನ ಜಡೆಗೆ ಮುಡಿಸಿದಳು. ದೊಡ್ಡವರು ಮಕ್ಕಳ ಹತ್ತಿರ ಬೇಡಿಕೊಳ್ಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಗಲಿ ಎಂದೆ.

ಅಂದು ಮೋಡ ಮುಚ್ಚಿತ್ತು, ನೆರಳು ನೋಡಿ ಹೊತ್ತು ತಿಳಿಯುವಂತೆಯೂ ಇರಲಿಲ್ಲ. ಬಸದಿಯಲ್ಲಿ ಹುಡುಗನ ಚಿಕ್ಕಪ್ಪ "ಈ ಚಪ್ಪಡಿ ಮೇಲೆ ಹೇಗೆ ಏರಿಸಿದ್ರು?" ಎಂದು ಕೇಳಿಬಿಟ್ಟರು. ಮಾವನಿಗೆ ಇಂಥ ಪ್ರಶ್ನೆ ಸಾಕು. ಮಾನಸ್ತಂಭಕ್ಕೆ ಮೂರು ಸುತ್ತು ಹಾಕಿಸಿ, "ಇಷ್ಟು ದೂರ ಬಂದು ಮೂಡಭಟ್ಕಳ ನೋಡ್ದೆ ಹೋಗೂಕೆ ಆತದಾ?" ಎಂದು ಕೇರಿಯ ಒಳದಾರಿಯಲ್ಲಿ ಮುಂದೆ ನಡೆದ. ಹುಡುಗನ ತಾಯಿ ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಹಿಂದಿನಿಂದ ಬರುತ್ತಿದ್ದರು. ಅವರ ಚಪ್ಪಲಿ ಹೊಸತು, ಹಿಮ್ಮಡಿ ಕಚ್ಚುತ್ತಿತ್ತು. ದೇವಸ್ಥಾನ ಮುಟ್ಟಿದಾಗ ನನ್ನ ಗಡಿಯಾರದಲ್ಲಿ ಹನ್ನೆರಡಕ್ಕೆ ಹತ್ತು ನಿಮಿಷ. ನಾನು ಅಂಗಿ ಎಳೆಯಲಿಲ್ಲ.

ಆಮೇಲೆ ಎಷ್ಟೋ ಹೊತ್ತು ಮಾವ ಗೋಡೆಯ ಒಂದೊಂದೇ ಚಿತ್ರಕ್ಕೆ ಬೆರಳಿಟ್ಟು ಕತೆ ಹೇಳಿದ. ವಾನರರ ಬಾಲ ಎಣಿಸಿದ. ನಡುವೆ ತಾನಾಗಿಯೇ ನೆನಪಾಗಿ ತಿರುಗಿದ. "ಗಂಟೆ ಎಷ್ಟಾತೇ?"

ಹನ್ನೆರಡೂ ಇಪ್ಪತ್ತಾಗಿತ್ತು.

"ಹನ್ನೊಂದು, ಮಾವ" ಎಂದೆ.

ಹುಡುಗ ನನ್ನ ಪಕ್ಕದಲ್ಲೇ ನಿಂತಿದ್ದ. ಅವನ ಕೈಯಲ್ಲೂ ಗಡಿಯಾರವಿತ್ತು. ಅದನ್ನು ನೋಡಿಕೊಂಡ, ನನ್ನನ್ನು ನೋಡಿದ, ಮತ್ತೆ ಗೋಡೆಯ ಕಡೆ ತಿರುಗಿದ. ಹೆಣ್ಣು ನೋಡಲು ಬಂದವನೇ "ಹೊತ್ತಾಯಿತು, ಮನೆಗೆ ಹೋಗೋಣ" ಎಂದರೆ ಎಷ್ಟು ಅವಸರ ಎಂದು ನಗುತ್ತಾರಲ್ಲ, ಅದಕ್ಕಿರಬೇಕು. ಅಥವಾ ಅವನಿಗೂ ಮನಸ್ಸಿರಲಿಲ್ಲವೋ ಏನೋ. ಅವನ ಹೆಸರೂ ಈಗ ನನಗೆ ನೆನಪಿಲ್ಲ.

ಮನೆ ಸೇರಿದಾಗ ಎರಡಕ್ಕೆ ಇಪ್ಪತ್ತು ನಿಮಿಷ ಇತ್ತು. ಅತ್ತೆ ಅಂಗಳದಲ್ಲೇ ನಿಂತಿದ್ದಳು. ಹುಡುಗನ ತಾಯಿ ಗೋಡೆಯ ಗಡಿಯಾರ ನೋಡಿ, ಜಗುಲಿಯ ಮೇಲೆ ಕೂತರು. "ರಾಹುಕಾಲ ಕಳೀಲಿ" ಎಂದರಷ್ಟೆ. ಮೂರಕ್ಕೆ ಅದು ಮುಗಿಯುವ ತನಕ ಎಲ್ಲರೂ ಕೂತರು. ಮಾವ ಒಮ್ಮೆ ಮಾತ್ರ "ಆ ಮಾನಸ್ತಂಭ..." ಎಂದು ಶುರು ಮಾಡಿ ನಿಲ್ಲಿಸಿದ. ಬಾಳೆಲೆಯ ಮೇಲಿನ ಶಿರಾ ಆರಿ ಗಟ್ಟಿಯಾಯಿತು. ಮೂರು ಹೊಡೆದ ಮೇಲೆ ಶಾರದಕ್ಕ ಚಹಾ ತಂದಳು, ಹೆಸರು ಹೇಳಿದಳು, ಒಳಗೆ ಹೋದಳು. ಮೂರೂವರೆಯ ಬಸ್ಸಿಗೆ ಅವರು ಹೊರಟರು. "ಕಾಗದ ಹಾಕ್ತೇವೆ" ಎಂದರು.

ಅತ್ತೆ ನನಗೆ ಬೈಯಲಿಲ್ಲ, ಸಣ್ಣ ಹುಡುಗಿಗೆ ಮುಳ್ಳು ಸರಿಯಾಗಿ ತಿಳಿಯಲಿಲ್ಲವೆಂದುಕೊಂಡಳು. ಬೈದದ್ದೆಲ್ಲ ಮಾವನಿಗೆ. "ನಿಮ್ಮ ಕಲ್ಲು ಕಂಬನೇ ಕಟ್ಕಂಡು ಕೂತ್ಕಳಿ. ಮನೇಲಿ ಒಂದು ಹೆಣ್ಣು ಉಂಟು ಅನ್ನೂದೂ ಮರ್ತೋಯ್ತಾ?" ಮಾವ ತಲೆ ತಗ್ಗಿಸಿ ಕೂತಿದ್ದ. ಹೇಳಿಬಿಡಲೇ ಎಂದು ಶಾರದಕ್ಕನ ಕಡೆ ನೋಡಿದೆ. ಅವಳು ಬೇಡವೆಂದು ತಲೆ ಅಲ್ಲಾಡಿಸಿದಳು.

ಕಾಗದ ಬರುವುದಿದ್ದರೆ ಅದು ಮಾವನ ಕೈಯಿಂದಲೇ ಬರಬೇಕಿತ್ತು. ದಿನಾ ಆಫೀಸಿನಲ್ಲಿ ಟಪಾಲು ವಿಂಗಡಿಸುವಾಗ ಕುಮಟಾದ ಮುದ್ರೆಯನ್ನೇ ಮೊದಲು ಹುಡುಕುತ್ತೇನೆಂದು ಊಟಕ್ಕೆ ಕೂತಾಗ ಅವನೇ ಹೇಳಿದ. ಹತ್ತನೇ ದಿನ ಮಧ್ಯಾಹ್ನ, ಎಂದಿನಂತೆ ಒಳಗೆ ಬರದೆ, ಬೇರೆ ಮನೆಗಳಲ್ಲಿ ನಿಲ್ಲುವ ಹಾಗೆ ಅಂಗಳದ ಬೇಲಿಯ ದಣಪೆಯ ಹತ್ತಿರವೇ ನಿಂತು "ಪೋಸ್ಟ್" ಎಂದ. ಅತ್ತೆ ಒಡೆದು ಓದಿದಳು. ಮೊದಲ ಭೇಟಿಗೇ ರಾಹುಕಾಲ ಅಡ್ಡ ಬಂದದ್ದರಿಂದ ತಾಯಿಯವರ ಮನಸ್ಸು ಒಪ್ಪುತ್ತಿಲ್ಲ, ಕ್ಷಮಿಸಬೇಕು ಎಂದಿತ್ತು. ಮಾವ ಅದನ್ನು ಕೇಳಿ, ಇನ್ನೂ ಹಂಚಬೇಕಾದ ಕಾಗದಗಳಿವೆ ಎಂದು ಚೀಲ ಹೊತ್ತುಕೊಂಡು ಹೋದ.

ತಂಗಿಯ ಬಾಳಿಗೆ ತಾನೇ ಕಲ್ಲು ಹಾಕಿದೆ ಎಂದು ಅವನಿಗೆ ಅನ್ನಿಸಿತ್ತು. ಅದಕ್ಕೇ ಇರಬೇಕು, ಮುಂದಿನ ವರ್ಷ ಶಾರದಕ್ಕ ಶಿಕ್ಷಕಿಯರ ತರಬೇತಿಗೆ ಕುಮಟಾಕ್ಕೆ ಹೋಗುತ್ತೇನೆಂದಾಗ ಅವನು ಒಂದು ಮಾತೂ ಎದುರಾಡಲಿಲ್ಲ. ಅವಳು ಕಲಿತಳು, ಹೊನ್ನಾವರದಲ್ಲಿ ಕೆಲಸ ಸಿಕ್ಕಿತು, ಜೊತೆಗೆ ಕಲಿಸುತ್ತಿದ್ದವರನ್ನೇ ಮೆಚ್ಚಿ ಮದುವೆಯಾದಳು. ಸುಖವಾಗಿದ್ದಾಳೆ. ನನ್ನ ಸುಳ್ಳಿನಿಂದ ಒಳ್ಳೆಯದೇ ಆಯಿತು ಎಂದು ನಾನು ಬಹಳ ವರ್ಷ ಲೆಕ್ಕ ಹಾಕಿಕೊಂಡಿದ್ದೆ.

ಮಾವ ಮಾತ್ರ ಆಮೇಲೆ ಯಾರಿಗೂ ಊರು ತೋರಿಸಲಿಲ್ಲ. ಮರುವರ್ಷದ ರಜೆಯಲ್ಲಿ ಧಾರವಾಡದಿಂದ ಬಂದ ನೆಂಟರು ತಾವಾಗಿಯೇ ಕೇಳಿದರು. "ಎಂತ ಉಂಟು ನೋಡೂಕೆ? ಹಳೇ ಕಲ್ಲು. ಆಟೋ ಮಾಡ್ಕಂಡು ಮುರ್ಡೇಶ್ವರಕ್ಕೆ ಹೋಗಿಬನ್ನಿ" ಎಂದ. ನಾನು ಪಕ್ಕದಲ್ಲೇ ಕೂತು ಬನ್ಸ್ ತಿನ್ನುತ್ತಿದ್ದೆ, ಉಳಿದರ್ಧವನ್ನು ತಟ್ಟೆಗೆ ಇಟ್ಟೆ.

ಮಾವ ಹೋಗಿ ನಾಲ್ಕು ವರ್ಷವಾಯಿತು. ಕಳೆದ ದಸರಾದಲ್ಲಿ ಮಗಳನ್ನು ಕರೆದುಕೊಂಡು ಭಟ್ಕಳಕ್ಕೆ ಹೋದೆ. ಬಸದಿ ಇದೆ, ದೇವಸ್ಥಾನ ಇದೆ, ಎರಡೂ ಕಡೆ ಪುರಾತತ್ವ ಇಲಾಖೆಯ ನೀಲಿ ಫಲಕವಿದೆ. ಮಗಳು ಗೋಡೆಯ ಒಂದು ಚಿತ್ರ ತೋರಿಸಿ ಇದೇನು ಎಂದಳು. ಗೊತ್ತಿರಲಿಲ್ಲ. ಕೇಳಬಹುದಾದವರೂ ಅಲ್ಲಿ ಯಾರೂ ಇರಲಿಲ್ಲ.

ತಿರುಗಿ ಬರುವಾಗ ಹೊನ್ನಾವರದಲ್ಲಿ ಇಳಿದು ಶಾರದಕ್ಕನ ಮನೆಗೆ ಹೋದೆವು. ಅವಳಿಗೀಗ ಐವತ್ತರ ಹತ್ತಿರ. ಮಾತಿಗೆ ಮಾತು ಬಂದು, ನಾನು ಕೇಳಿದೆ:

"ಶಾರದಕ್ಕ, ಆ ಗಂಟೆ ವಿಷಯ ಮಾವಂಗೆ ಯಾವಾಗ ಹೇಳಿದೆ? ಎಂತ ಅಂದ ಅವ?"

ಅವಳು ಲೋಟ ಕೆಳಗಿಟ್ಟಳು.

"ನಾ ಹೇಳ್ಲಿಲ್ವೇ," ಎಂದಳು. "ನೀ ಹೇಳಿರ್ತೆ ಅಂದ್ಕಂಡಿದ್ದೆ."