ಎಲೆ-ಅಡಿಕೆ ಚೀಲದ ಗುಳಿಗೆ

ನನ್ನ ಹೆಂಡತಿಗೆ ಯಾರೇ ಪ್ರಶ್ನೆ ಕೇಳಲಿ, ಉತ್ತರ ಹೇಳುವವನು ನಾನು. ಮೂವತ್ತೆಂಟು ವರ್ಷಗಳಿಂದ ಈ ಸೇವೆ ನಡೆದಿದೆ. ಯಾರೂ ನೇಮಿಸಿದ್ದಲ್ಲ, ನಾನೇ ಮೈಮೇಲೆ ಹಾಕಿಕೊಂಡದ್ದು. ಸಿರುಗುಪ್ಪದ ಶಾಲೆಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದವನಿಗೆ ಬಾಯಿ ಮುಚ್ಚಿ ಕೂರುವುದು ಕಷ್ಟ ಎಂದು ನೀವು ಕ್ಷಮಿಸಬಹುದು. ಸ್ವಲ್ಪ ತಡೆಯಿರಿ, ಪೂರ್ತಿ ಕೇಳಿ ಆಮೇಲೆ ಯೋಚಿಸಿ.

ಇದು ನನ್ನೊಬ್ಬನ ಚಾಳಿಯಲ್ಲ. ಜನಗಣತಿಗೆ ಮನೆಮನೆ ತಿರುಗಿದಾಗ ನೋಡಿದ್ದೇನೆ: ಹೆಂಡತಿ ಎದುರಿಗೇ ನಿಂತಿರುತ್ತಾಳೆ, ಅವಳ ವಯಸ್ಸನ್ನು ಗಂಡ ಹೇಳುತ್ತಾನೆ. ಅವಳು ಸೆರಗಿನ ಮರೆಯಲ್ಲಿ ನಗುತ್ತಾಳೆ. ನಾನು ಗಂಡ ಹೇಳಿದ್ದನ್ನೇ ಬರೆದುಕೊಂಡು ಬರುತ್ತಿದ್ದೆ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ಆದಿಮಾನವರು ಕಲ್ಲಿನ ಕೊಡಲಿ ಉಜ್ಜಿದ ಗುರುತುಗಳು ಇವತ್ತಿಗೂ ಇವೆ. ಅಲ್ಲೂ ಹೆಂಗಸೊಬ್ಬಳು ಹೊಟ್ಟೆನೋವೆಂದು ವೈದ್ಯನ ಮುಂದೆ ಕೂತಾಗ, ಪಕ್ಕದವನು ಉಜ್ಜುವುದನ್ನು ನಿಲ್ಲಿಸಿ ತಾನೇ ಉತ್ತರ ಕೊಟ್ಟಿರಬೇಕೆಂದು ನನ್ನ ಅನುಮಾನ. ಪುರಾವೆ ಇನ್ನೂ ಸಿಕ್ಕಿಲ್ಲ.

ಗಂಗಮ್ಮನಿಗೆ, ಅಂದರೆ ನನ್ನ ಹೆಂಡತಿಗೆ, ಅಂಥದೇ ಹೊಟ್ಟೆನೋವು ಬಂತು. ಪಿತ್ತಕೋಶದಲ್ಲಿ ಕಲ್ಲಿದೆ, ತೆಗೆಯಬೇಕು ಎಂದರು ಬಳ್ಳಾರಿಯ ಆಸ್ಪತ್ರೆಯಲ್ಲಿ. ಆಪರೇಷನ್ನಿಗೆ ವಾರ ಮೊದಲು ಅರಿವಳಿಕೆ ಕೊಡುವ ಡಾಕ್ಟರಮ್ಮ ಅವಳನ್ನು ಕೂರಿಸಿಕೊಂಡು, ದಿನಾ ಏನೇನು ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ಗಂಗಮ್ಮ ಬಾಯಿ ತೆರೆಯುವಷ್ಟರಲ್ಲಿ ನಾನು, "ಬಿಪಿದು ಒಂದ ರೀ, ಮತ್ತೇನಿಲ್ಲ" ಎಂದೆ. ಅವಳು ನನ್ನ ಮುಖ ನೋಡಿ ಸುಮ್ಮನಾದಳು. ಆ ನೋಟವನ್ನು ನಾನು ಒಪ್ಪಿಗೆ ಎಂದುಕೊಂಡೆ. ಬಿಪಿ ಗುಳಿಗೆ ಬಿಡಬಾರದು, ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಲಿ ಎಂದರು ಡಾಕ್ಟರಮ್ಮ. ಅದಕ್ಕೆ ಹೂಂ ಎಂದವನೂ ನಾನೇ.

ಆಪರೇಷನ್ ದಿನ ಬೆಳಿಗ್ಗೆ ನರ್ಸ್ ಬಳೆ ಬಿಚ್ಚಿಸಿ, ಸೊಂಟದಲ್ಲಿ ಸಿಕ್ಕಿಸಿದ್ದ ಎಲೆ-ಅಡಿಕೆ ಚೀಲವನ್ನೂ ಈಸಿಕೊಂಡಳು. ಸುಣ್ಣದ ಡಬ್ಬಿಯ ಜೊತೆ ಅದರಲ್ಲೊಂದು ಗುಳಿಗೆಯ ಸ್ಟ್ರಿಪ್ ಇತ್ತು. ಡಾಕ್ಟರಮ್ಮ ತಿರುಗಿಸಿ ನೋಡಿ ಮುಖ ಗಂಟಿಕ್ಕಿದರು. ಹೃದಯಕ್ಕೆಂದು ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ. ಗಂಗಮ್ಮ ಹಿಂದಿನ ದಿನವೂ ನುಂಗಿದ್ದಳು.

"ಇದು ಗೊತ್ತಿಲ್ದ ಕೊಯ್ದಿದ್ರ ರಕ್ತ ನಿಲ್ಲಿಸಾಕ ಒದ್ದಾಡ್ತಿದ್ವಿ ಸರ್" ಎಂದರು ಡಾಕ್ಟರಮ್ಮ. ಜೀವಮಾನವಿಡೀ ಸರ್ ಎನ್ನಿಸಿಕೊಂಡವನಿಗೆ ಆ ಪದ ಚುಚ್ಚಿದ್ದು ಅದೇ ಮೊದಲು. ಆಪರೇಷನ್ ಮುಂದಕ್ಕೆ ಹೋಯಿತು.

ಊರಿಗೆ ಹೊರಟ ಬಸ್ಸು ತೆಕ್ಕಲಕೋಟೆ ದಾಟಿತು. ಆಮೇಲೆ, ಈ ಗುಳಿಗೆ ಎಲ್ಲಿಯದು, ನನಗೇಕೆ ಹೇಳಲಿಲ್ಲ ಎಂದು ಕೇಳಿದೆ. ಸಿಟ್ಟಿನಿಂದಲೇ ಕೇಳಿದೆ, ನಮ್ಮಂಥವರಿಗೆ ನಾಚಿಕೆಯಾದರೆ ಮೊದಲು ಸಿಟ್ಟೇ ಬರುತ್ತದೆ. ಹೋದ ವರ್ಷ ಕುರುಗೋಡಿನ ತವರಿಗೆ ಹೋಗಿದ್ದಾಗ ಅವಳಿಗೆ ಎದೆ ಹಿಡಿದಿತ್ತಂತೆ. ಅಣ್ಣ ಹೃದಯದ ಡಾಕ್ಟರಿಗೆ ತೋರಿಸಿ ಈ ಗುಳಿಗೆ ಕೊಡಿಸಿದನಂತೆ.

"ಬಂದ ದಿನಾನ ಹೇಳಿದ್ನಲ್ರಿ, ಎದಿ ಹಿಡಿದಿತ್ತು ಅಂತ. ನೀವು ಪೇಪರ್ ಇಳಿಸಲಿಲ್ಲ. ಗ್ಯಾಸ್ ಅದು, ಜೀರಗಿ ನೀರು ಕುಡಿ ಅಂದ್ರಿ."

ಹೌದು, ಅಂದಿದ್ದೆ. ಆ ದಿನದ ಪೇಪರಿನಲ್ಲಿ ಏನಿತ್ತೆಂಬುದು ಮಾತ್ರ ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ತರಗತಿಯಲ್ಲಿ ಒಬ್ಬನ ಪರವಾಗಿ ಇನ್ನೊಬ್ಬ ಹಾಜರ್ ಎಂದರೆ ಕಿವಿ ಹಿಂಡುತ್ತಿದ್ದವನು ನಾನು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು.

ಹೃದಯದ ಡಾಕ್ಟರನ್ನು ಕಂಡೆವು. ಯಾವ ಗುಳಿಗೆಯನ್ನು ಎಷ್ಟು ದಿನ ನಿಲ್ಲಿಸಬೇಕು, ಯಾವುದನ್ನು ಬಿಡಲೇಬಾರದು, ನಿಲ್ಲಿಸಿದ್ದನ್ನು ಮತ್ತೆ ಯಾವಾಗ ಶುರುಮಾಡಬೇಕು ಎಂದು ಅವರು ಗಂಗಮ್ಮನಿಗೆ ವಿವರಿಸಿದರು. ಅವಳು ಮೂರು ಪ್ರಶ್ನೆ ಕೇಳಿದಳು. ನಾನು ಕೈಕಟ್ಟಿ ಕೂತಿದ್ದೆ. ಮುಂದೆ ಆಪರೇಷನ್ ಆಗಿ ಕಲ್ಲು ಸುಸೂತ್ರವಾಗಿ ಹೊರಬಂತು.

ಹೊಲಿಗೆ ಬಿಚ್ಚಿಸಲು ಹೋದ ದಿನ ಅದೇ ಡಾಕ್ಟರಮ್ಮ ಎದುರಾಗಿ, ನಿಮಗೂ ಬಿಪಿ ಇದೆಯಂತಲ್ಲ, ನೀವು ಯಾವ ಗುಳಿಗೆ ತಗೊಳ್ಳುತ್ತೀರಿ ಎಂದು ನನ್ನನ್ನು ಕೇಳಿದರು. ಬಾಯಿ ತೆರೆದೆ. ದಿನಾ ಬೆಳಿಗ್ಗೆ ತಿಂಡಿಯಾದ ಮೇಲೆ ಗಂಗಮ್ಮ ಅಂಗೈಯಲ್ಲಿಡುವ ಎರಡು ಗುಳಿಗೆಗಳನ್ನು ಪೇಪರ್ ಓದುತ್ತಲೇ ನುಂಗುತ್ತೇನೆ. ಒಂದು ಬಿಳಿ. ಇನ್ನೊಂದರ ಬಣ್ಣ ಕೂಡ ಹೊಳೆಯಲಿಲ್ಲ.

ಗಂಗಮ್ಮನ ಕಡೆ ನೋಡಿದೆ. ಅವಳಿಗೆ ಉತ್ತರ ಗೊತ್ತಿತ್ತು. ಆದರೂ ನಾನೇ ಹೇಳಲಿ ಎಂದು ಒಂದು ಗಳಿಗೆ ಕಾದಳು; ನಾನು ಅವಳಿಗೆ ಎಂದೂ ಕೊಡದಿದ್ದ ಒಂದು ಗಳಿಗೆ. ಆಮೇಲೆ ಎರಡರ ಹೆಸರನ್ನೂ ತಪ್ಪಿಲ್ಲದೆ ಹೇಳಿ, ನಾಡಿದ್ದಿಗೆ ಮುಗಿಯುತ್ತವೆ, ಬರೆದುಕೊಡಿ ಎಂದು ಚೀಟಿ ಮುಂದೆ ಹಿಡಿದಳು.